ಕೋಕಾಕ್ಕೆ ಚಾಲಿ ರೇಟು

ಕ್ಯಾಮೆರಾಕ್ಕೆ ಸ್ವಲ್ಪ ಹತ್ತಿರ ಹಿಡೀತೇನೆ, ನೋಡಿ. ಕ್ರಿಕೆಟ್ ಕಾರ್ಡು, ಆಟಗಾರರ ಚಿತ್ರ ಇರುವ, ಪ್ಯಾಕೆಟ್ಟಿನಲ್ಲಿ ಬರುವ, ಜನ ಕೂಡಿಡುವ ಕಾರ್ಡು. ಎಡಗಡೆ ಬಿಳಿ ಅಂಚು ಒಂದು ಮಿಲಿಮೀಟರ್ ಇದ್ದರೆ ಹೆಚ್ಚು. ಬಲಗಡೆ ಮೂರು ದಾಟಿದೆ, ಸ್ಟೀಲ್ ಸ್ಕೇಲ್ ಇಟ್ಟು ಅಳೆದಿದ್ದೇನೆ. ಕೆಳಗೆ ಒಂದು ನೀಲಿ ಗೆರೆ ಕಾಣ್ತದಲ್ಲ, ಅದು ಈ ಬ್ಯಾಟ್ಸ್‌ಮನ್‌ಗೆ ಸೇರಿದ್ದಲ್ಲ. ಅಚ್ಚಿನ ಹಾಳೆಯಲ್ಲಿ ಇವನ ಕೆಳಗಿದ್ದ ಇನ್ಯಾರದೋ ಹೆಲ್ಮೆಟ್ಟಿನ ತುದಿ.

ಇದರ ಫೋಟೋ ಒಂದು ವಾಟ್ಸಾಪ್ ಗುಂಪಿಗೆ ಹಾಕಿದೆ. ಹತ್ತು ನಿಮಿಷ ಆಗಿರಲಿಲ್ಲ, ಶುರುವಾಯ್ತು. ‘ಎರರ್ ಕಾರ್ಡ್! ಕೊಡಬೇಡಿ, ಮುಂದೆ ಲಕ್ಷ ಬರ್ತದೆ.’ ಎರರ್ ಕಾರ್ಡ್ ಅಂದರೆ ಅಚ್ಚಿನಲ್ಲೋ ಕಟಿಂಗಿನಲ್ಲೋ ತಪ್ಪಾದ ಕಾರ್ಡು.

ಹೊರಗೆ ಆಷಾಢದ ಮಳೆ ಜಡಿದು ಹೊಡೀತಿತ್ತು. ಜಗಲಿಯಲ್ಲಿ ಅಪ್ಪಯ್ಯ ಚಾಲಿ ಆರಿಸ್ತಾ ಕೂತಿದ್ದ. ಕಾರ್ಡನ್ನು ಕಣ್ಣಿಗೆ ಹತ್ತಿರ ಹಿಡಿದ, ತಿರುಗಿಸಿದ, ವಾಪಸ್ ಕೊಟ್ಟ. ‘ಅಪಿ, ಇದು ಕೋಕಾ ಅಲ್ದನಾ?’

ಶಿರಸಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳೋದು ಬೇಡ. ಬೇರೆಯವರಿಗೆ ಹೇಳ್ತೇನೆ: ಸುಲಿದ ಅಡಿಕೆಯನ್ನು ನಾವು ಆರಿಸಿ ಬೇರೆ ಬೇರೆ ಮಾಡ್ತೇವೆ. ಚೆನ್ನಾಗಿದ್ದದ್ದು ಚಾಲಿ, ಒಡೆದದ್ದು, ಕೆಟ್ಟದ್ದು ಕೋಕಾ. ಸೊಸೈಟಿ ಯಾರ್ಡಿನಲ್ಲಿ ಎರಡಕ್ಕೂ ಟೆಂಡರ್ ಉಂಟು, ಎರಡಕ್ಕೂ ಗಿರಾಕಿ ಉಂಟು. ಆದರೆ ಕೋಕಾ ಚೀಲದ ಮೇಲೆ ‘ಅಪರೂಪದ ಚಾಲಿ’ ಅಂತ ಬರೆದು ಇಟ್ಟವರನ್ನು ನಾನಂತೂ ನೋಡಿಲ್ಲ. ಕಾರ್ಡಿನ ಪೇಟೆಯಲ್ಲಿ ದಿನಾ ನೋಡ್ತೇನೆ. ನನ್ನ ಸಿಟ್ಟು ಇರೋದು ಇಲ್ಲೇ.

ದೋಷ ಹೇಗೆ ಬರ್ತದೆ ಅಂತ ಮೊದಲು ತಿಳ್ಕೊಳ್ಳಿ. ಕಾರ್ಡು ಒಂದೊಂದೇ ಅಚ್ಚಾಗೋದಿಲ್ಲ. ದೊಡ್ಡ ಹಾಳೆಯ ಮೇಲೆ ಸಾಲಾಗಿ ಹತ್ತಾರು ಕಾರ್ಡು, ನಾಲ್ಕು ಬಣ್ಣ ಒಂದರ ಮೇಲೊಂದು. ಒಂದು ಬಣ್ಣದ ಪ್ಲೇಟು ಕೂದಲೆಳೆ ಸರಿದರೂ ಆಟಗಾರನ ಮೋರೆಗೆ ಕೆಂಪು ನೆರಳು ಕೂರ್ತದೆ. ಆಮೇಲೆ ಕಟಿಂಗ್. ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. ಹಾಳೆಗಳ ಕಟ್ಟು ಬ್ಲೇಡಿನ ಕೆಳಗೆ ಸ್ವಲ್ಪ ಜಾರಿದರೆ ಆ ಕಟ್ಟಿನ ಎಲ್ಲಾ ಕಾರ್ಡೂ ಸೊಟ್ಟ. ಅಂದರೆ ನನ್ನ ಈ ‘ಲಕ್ಷದ ಕಾರ್ಡಿ’ಗೆ ಅಣ್ಣತಮ್ಮಂದಿರು ಎಷ್ಟೋ ಜನ ಇದ್ದಾರೆ. ಕಾರ್ಡು ಪರೀಕ್ಷಿಸಿ ಅಂಕ ಕೊಡುವ ಪಿಎಸ್‌ಎ ಅಂಥ ಕಂಪನಿಯವರ ಹತ್ತಿರ ಹತ್ತಕ್ಕೆ ಹತ್ತು ಬೇಕಾದರೆ ಮುಂಭಾಗದ ಅಂಚು ಎರಡೂ ಕಡೆ ಹೆಚ್ಚುಕಡಿಮೆ ಸಮ ಇರಬೇಕು. ನನ್ನದು ಒಂದಕ್ಕೆ ಮೂರು. ಸೆಂಟರ್ ತಪ್ಪಿದ ಕಾರ್ಡಿಗೆ ಅಂಕದ ಪಕ್ಕದಲ್ಲೇ ‘ಓಸಿ’, ಅಂದರೆ ಆಫ್ ಸೆಂಟರ್, ಅಂತ ಬರೆಯುವ ಪದ್ಧತಿಯೂ ಅವರಲ್ಲಿದೆ. ಅದೇ ಅವರ ಕೋಕಾ.

‘ಹಾಗಾದರೆ ಫ್ರಾಂಕ್ ಥಾಮಸ್ ಕಾರ್ಡು?’ ಅಂತ ಕೇಳ್ತೀರಿ, ಗೊತ್ತು. ಅಮೆರಿಕದ ಟಾಪ್ಸ್ ಕಂಪನಿಯ 1990ರ ಬೇಸ್‌ಬಾಲ್ ಕಾರ್ಡು, ನಂಬರ್ 414. ಅಚ್ಚಿನಲ್ಲಿ ಕಪ್ಪು ಶಾಯಿ ಬೀಳದೆ ಮುಂಭಾಗದಲ್ಲಿ ಅವನ ಹೆಸರೇ ಇಲ್ಲ. ಸಾವಿರಾರು ಡಾಲರಿಗೆ ಹೋಗ್ತದೆ, ನಿಜ. ಆದರೆ ಆ ಹಾಳೆಯಲ್ಲಿ ಅವನ ಅಕ್ಕಪಕ್ಕ ಇದ್ದವರ ಕಾರ್ಡಿನಲ್ಲೂ ಅಲ್ಲಲ್ಲಿ ಕಪ್ಪು ಹಾರಿಹೋಗಿದೆ. ಅವಕ್ಕೆ ಆ ಬೆಲೆ ಉಂಟಾ? ಇಲ್ಲ. ಥಾಮಸ್ ಮುಂದೆ ದೊಡ್ಡ ಆಟಗಾರನಾದ, 2014ರಲ್ಲಿ ಬೇಸ್‌ಬಾಲ್ ದಿಗ್ಗಜರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದ, ಇದು ಅವನ ಮೊದಲ ವರ್ಷದ ಕಾರ್ಡು. ಜನ ದುಡ್ಡು ಕೊಡೋದು ಥಾಮಸ್‌ಗೆ. ಶಾಯಿ ಬೀಳದ ಜಾಗಕ್ಕೇ ಬೆಲೆ ಇದ್ದಿದ್ದರೆ ಪಕ್ಕದವರೂ ಶ್ರೀಮಂತರಾಗಬೇಕಿತ್ತು.

ಚಿಕ್ಕವನಿದ್ದಾಗ ನನ್ನ ಹತ್ತಿರ ಕುಸ್ತಿಯವರ ಟ್ರಂಪ್ ಕಾರ್ಡಿನ ಕಟ್ಟು ಇತ್ತು, ಮಾರಿಕಾಂಬಾ ಜಾತ್ರೆಯಲ್ಲಿ ತಗೊಂಡದ್ದು. ಅದರಲ್ಲಿ ಒಂದು ಕಾರ್ಡಿನ ಮೂಲೆ ಸೊಟ್ಟ ಕತ್ತರಿಸಿತ್ತು. ಹಿಂದಿನಿಂದ ನೋಡಿದರೇ ಯಾರು ಅಂತ ಗೊತ್ತಾಗ್ತಿತ್ತು. ಎರಡು ಬೇಸಿಗೆ ರಜೆ ಪೂರ್ತಿ ಅದರ ಮೇಲೆ ಗೆದ್ದೆ. ದೋಷದಿಂದ ನಾನು ಪಡೆದ ಲಾಭ ಅಂದರೆ ಅದೊಂದೇ.

ಈಗ ಬಗ್ಗಿದ ಕಾರ್ಡಿನ ವಿಷಯ, ಕಾರವಾರ, ಕುಮಟಾ ಕಡೆಯಿಂದ ಹೆಚ್ಚು ಬರುವ ದೂರು. ಹೊಳೆಯುವ ಫಾಯಿಲ್ ಕಾರ್ಡು ಮಳೆಗಾಲದಲ್ಲಿ ಸುಟ್ಟ ಹಪ್ಪಳದ ಹಾಗೆ ಮುರುಟಿಕೊಳ್ತದೆ. ಹಿಂದಿನ ರಟ್ಟು ಗಾಳಿಯ ತೇವ ಕುಡಿದು ಹಿಗ್ಗುತ್ತದೆ, ಮುಂದಿನ ಫಾಯಿಲ್ ಹಿಗ್ಗೋದಿಲ್ಲ, ಹಾಗಾಗಿ ಹೊಳೆಯುವ ಮುಖ ಒಳಗಾಗಿ ಬಾಗ್ತದೆ. ಇದರಲ್ಲಿ ಕಂಪನಿಯ ಪಾಲೆಷ್ಟು, ನಮ್ಮ ಕರಾವಳಿ ಹವೆಯ ಪಾಲೆಷ್ಟು ಅಂತ ಜಗಳ ಮಾಡಬಹುದು. ನಾನಂತೂ ಮಾಡೋದಿಲ್ಲ. ಗಾಳಿಯಾಡದ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಭಾರದ ಪುಸ್ತಕದ ಕೆಳಗೆ ಒತ್ತಿಡಬೇಡಿ, ಫಾಯಿಲ್ ಮೇಲೆ ಗೆರೆ ಬೀಳ್ತದೆ.

ಕಟಿಂಗ್ ತಪ್ಪಿಗೆ ಮಾತ್ರ ಬಿಡಬೇಡಿ. ನಾನು ಈ ಕಾರ್ಡಿನ ಫೋಟೋ ಕಳಿಸಿ ಬರೆದೆ. ಮಾರಿದವರು ಯಾರು ಅಂತ ಹೇಳೋದಿಲ್ಲ, ಉತ್ತರ ಹೇಳ್ತೇನೆ: ‘ಸಂಗ್ರಹದ ವಸ್ತು, ವಾಪಸ್ ಇಲ್ಲ.’ ಎರಡನೇ ಸಲ, ಪ್ಯಾಕೆಟ್ ಒಡೆಯುವಾಗ ತೆಗೆದ ವಿಡಿಯೋ ಲಗತ್ತಿಸಿ ಬರೆದೆ. ಆ ಪತ್ರದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಹೆಸರೂ ಇತ್ತು. ವಸ್ತುವಿನ ಗುಣಮಟ್ಟದಲ್ಲಿ ಕೊರತೆ ಇದ್ದರೆ ಅದು ದೋಷ ಅಂತ ಕಾಯ್ದೆ ಹೇಳ್ತದೆ. ವಾರದೊಳಗೆ ಬೇರೆ ಕಾರ್ಡು ಬಂತು. ಬರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡ್ತಿದ್ದೆ. ನಾವಿರುವ ಜಿಲ್ಲೆಯಲ್ಲೇ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು, ಕೊಟ್ಟ ದುಡ್ಡು ಐದು ಲಕ್ಷದವರೆಗಿದ್ದರೆ ಶುಲ್ಕವೂ ಇಲ್ಲ. ಮುನ್ನೂರು ರೂಪಾಯಿ ಪ್ಯಾಕೆಟ್ಟಿಗೆ ಕಾರವಾರಕ್ಕೆ ಹೋಗ್ತಿದ್ದೆನಾ? ಇಲ್ಲ, ಸುಳ್ಳು ಯಾಕೆ ಹೇಳಲಿ. ಬಸ್ಸಿನ ಚಾರ್ಜೇ ಹೆಚ್ಚಾಗ್ತಿತ್ತು.

ಹಳೇ ಕಾರ್ಡು ನನ್ನ ಹತ್ತಿರವೇ ಉಳೀತು. ಮೊನ್ನೆ ಪಕ್ಕದ ಮನೆಯ ಆರನೇ ಕ್ಲಾಸಿನ ಮಾಣಿ ಬಂದು ಕೇಳಿದ, ಅವನಿಗೆ ಈ ಆಟಗಾರ ಅಂದರೆ ಪ್ರಾಣ. ಅಂಚು ತೋರಿಸಿದೆ, ಹೆಲ್ಮೆಟ್ಟಿನ ತುದಿ ತೋರಿಸಿದೆ, ‘ಇದು ಕೋಕಾ, ಮಾರಲಿಕ್ಕೆ ಹೋದರೆ ಏನೂ ಬರೋದಿಲ್ಲ’ ಅಂದೆ. ‘ಅಡ್ಡಿಲ್ಲ’ ಅಂದ. ಬದಲಿಗೆ ತನ್ನ ಹತ್ತಿರ ಎರಡೆರಡು ಇದ್ದ ಒಬ್ಬ ಸ್ಪಿನ್ನರ್‌ನ ಕಾರ್ಡು ಕೊಡ್ತೇನೆ ಅಂದಿದ್ದಾನೆ. ನಾಳೆ ಶಾಲೆ ಬಿಟ್ಟ ಮೇಲೆ ಬರ್ತಾನಂತೆ. ಆ ಸ್ಪಿನ್ನರ್‌ಗೂ ಸ್ಕೇಲ್ ಹಿಡಿಯೋದಿದೆ.