ಗೋಡೆಗೆ ಬಿದ್ದ ತೂತಿಗೆ 10 ವರ್ಷ

ನಮಸ್ಕಾರ. ಇವತ್ತು ಒಬ್ಬ ದರೋಡೆಕೋರನ ಪರವಾಗಿ ಮಾತಾಡುತ್ತೇನೆ. ಬೈಯುವವರು ದಯವಿಟ್ಟು ಪೂರ್ತಿ ಕೇಳಿ, ಆಮೇಲೆ ಬೈಯಿರಿ.

ಅಮೆರಿಕದ ಜಾರ್ಜಿಯಾ ರಾಜ್ಯದ ಒಂದು ಬ್ಯಾಂಕು. ಮುಖವಾಡ ಹಾಕಿದ್ದ ಒಬ್ಬ ಪಿಸ್ತೂಲು ಝಳಪಿಸುತ್ತಾ ಒಳಗೆ ನುಗ್ಗಿದ. ಎಲ್ಲರನ್ನೂ ನೆಲಕ್ಕೆ ಕೂರಿಸಿ ಕೌಂಟರಿನ ಹಿಂದೆ ಹೋದ. ಬಲಗೈಯಲ್ಲಿ ಪಿಸ್ತೂಲು, ಎಡಗೈಯಲ್ಲಿ ನೋಟು ಬಾಚುವ ಕೆಲಸ. ಹಾಗೆ ಬಾಚುತ್ತಿರುವಾಗಲೇ ಗುಂಡು ಹಾರಿಬಿಟ್ಟಿತು. ಎರಡು ಕೌಂಟರ್‌ಗಳ ನಡುವಿನ ಅಡ್ಡಗೋಡೆಗೆ ತೂತು ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಅವನೇ ಬೆಚ್ಚಿಬಿದ್ದವನ ಹಾಗೆ ಕಂಡ ಅಂತ ಅಲ್ಲಿದ್ದವರು ಸಾಕ್ಷಿ ಹೇಳಿದರು. ಏನೋ ಬೈದುಕೊಂಡು ಓಡಿಹೋದ.

ವಿಚಾರಣೆಯಲ್ಲಿ ಅವನು ದರೋಡೆ ಮಾಡಿದ್ದನ್ನು ಒಪ್ಪಿಕೊಂಡ. ಹಾಗಾದರೆ ಅಪೀಲು ಯಾತಕ್ಕೆ? ಬಂದೂಕಿನ ಆರೋಪಕ್ಕೆ.

ಅಲ್ಲಿನ ಫೆಡರಲ್ ಕಾನೂನಿನಲ್ಲಿ ದರೋಡೆಗೆ ಒಂದು ಶಿಕ್ಷೆ, ಬಂದೂಕಿಗೆ ಇನ್ನೊಂದು. ದರೋಡೆ ಹೊತ್ತಲ್ಲಿ ಬಂದೂಕು ಜೊತೆಗಿದ್ದರೆ ಕನಿಷ್ಠ 5 ವರ್ಷ. ಹೆದರಿಸಲು ತೋರಿಸಿದರೆ 7. ಗುಂಡು ಹಾರಿದರೆ 10. ಇವು ದರೋಡೆಯ ಶಿಕ್ಷೆ ಮುಗಿದ ಮೇಲೆ ಶುರುವಾಗುವ ವರ್ಷಗಳು. ಎರಡನ್ನೂ ಒಟ್ಟಿಗೆ ಅನುಭವಿಸುವ ರಿಯಾಯಿತಿ ಇಲ್ಲ. ನ್ಯಾಯಾಧೀಶರಿಗೆ ಕನಿಕರ ಬಂದರೂ ಆ ಕನಿಷ್ಠದ ಕೆಳಗೆ ಇಳಿಯುವ ದಾರಿ ಬಹಳ ಕಡಿಮೆ.

ಗುಂಡು ಕೈತಪ್ಪಿ ಹಾರಿತು, ನಾನು ಹಾರಿಸಲಿಲ್ಲ ಅನ್ನುವುದು ಅವನ ವಾದ. 2009ರಲ್ಲಿ ಸುಪ್ರೀಂ ಕೋರ್ಟು 7–2ರ ಬಹುಮತದಲ್ಲಿ ಆ ವಾದವನ್ನು ತಳ್ಳಿಹಾಕಿತು. ಗುಂಡು ಹಾರಿದರೆ ಸಾಕು, ಉದ್ದೇಶ ಬೇಕಿಲ್ಲ ಎಂದಿತು. ನನಗೆ ಭಿನ್ನಮತ ಕೊಟ್ಟ ಆ ಇಬ್ಬರೇ ಸರಿ ಅನ್ನಿಸುತ್ತದೆ. ನೋಡಿ, 7 ವರ್ಷ ಕೊಡಬೇಕಾದರೆ ಹೆದರಿಸುವ ಉದ್ದೇಶ ಇತ್ತೆಂದು ಸಾಬೀತಾಗಬೇಕು. ಅದಕ್ಕಿಂತ ಜಾಸ್ತಿ, 10 ವರ್ಷ ಕೊಡಲು ಯಾವ ಉದ್ದೇಶವೂ ಬೇಡ! ಇದೆಂಥ ಲೆಕ್ಕ?

ಈಗ 2022ಕ್ಕೆ ಬನ್ನಿ. ಗಾಂಜಾ ಮಾರುವ ನೆಪದಲ್ಲಿ ಒಬ್ಬನ ಹಣ ಕಿತ್ತುಕೊಳ್ಳಲು ಇಬ್ಬರು ಹೋಗಿದ್ದರು. ಹಣ ಸಿಗಲಿಲ್ಲ, ಆದರೆ ಗುಂಡೇಟು ಬಿದ್ದು ಅವನು ಸತ್ತ. ಗುಂಡು ಹೊಡೆದದ್ದು ಜೊತೆಗಾರ. ಸಿಕ್ಕಿದವನಿಗೆ ಒಟ್ಟು 30 ವರ್ಷ, ಅದರಲ್ಲಿ ಬಂದೂಕಿನ ಪಾಲು 10. ಆ 10 ವರ್ಷವನ್ನು ಸುಪ್ರೀಂ ಕೋರ್ಟು ಕಿತ್ತುಹಾಕಿತು. ಕಾರಣ ಏನು ಗೊತ್ತಾ? ದರೋಡೆಯ ಯತ್ನ ಎಂಬ ಅಪರಾಧದಲ್ಲಿ ಬಲಪ್ರಯೋಗವನ್ನಾಗಲಿ ಬೆದರಿಕೆಯನ್ನಾಗಲಿ ಸಾಬೀತು ಮಾಡಲೇಬೇಕೆಂದಿಲ್ಲ. ಉದ್ದೇಶ ಇದ್ದು, ಆ ಕಡೆಗೆ ಒಂದು ದೊಡ್ಡ ಹೆಜ್ಜೆ ಇಟ್ಟಿದ್ದರೆ ಸಾಕು. ಹಾಗಾಗಿ ಅದು ಬಂದೂಕಿನ ಕಾನೂನು ಹೇಳುವ ಹಿಂಸೆಯ ಅಪರಾಧ ಅಲ್ಲವಂತೆ. ಆ ದಿನ ನಿಜವಾಗಿ ಏನಾಯಿತು ಅನ್ನುವುದು ಈ ಲೆಕ್ಕಕ್ಕೆ ಬರುವುದೇ ಇಲ್ಲ.

ಗೋಡೆಗೆ ತೂತು ಬಿದ್ದಲ್ಲಿ 10 ವರ್ಷ ಉಳಿಯಿತು. ಮನುಷ್ಯ ಸತ್ತಲ್ಲಿ 10 ವರ್ಷ ಹೋಯಿತು. ಸಿಟ್ಟು ಬರುತ್ತದೆ, ಅಲ್ವಾ? ಆದರೆ ಎರಡನೆಯ ತೀರ್ಪಿನ ಮೇಲೆ ನನಗೆ ಸಿಟ್ಟಿಲ್ಲ. ಕಾನೂನನ್ನು ಹಾಗೆ ಬರೆದದ್ದು ಅಮೆರಿಕದ ಸಂಸತ್ತು. ಕೊಲೆಗೆ ಶಿಕ್ಷೆ ಬೇಕಿದ್ದರೆ ಪ್ರಾಸಿಕ್ಯೂಷನ್ ಕೊಲೆಯ ಆರೋಪವನ್ನೇ ಹೊರಿಸಬೇಕಿತ್ತು.

ಇದೇ ಕಾನೂನಿನ ಇನ್ನೊಂದು ಅವತಾರ ಹ್ಯೂಸ್ಟನ್ನಿನಲ್ಲಿ ಕಂಡಿತು. ಒಬ್ಬ 6 ಬ್ಯಾಂಕು ದೋಚಿದ್ದ. ಆಗಿನ ನಿಯಮದಂತೆ ಮೊದಲ ಬಂದೂಕಿನ ಆರೋಪಕ್ಕೆ 5 ವರ್ಷ, ಆಮೇಲಿನ ಪ್ರತಿಯೊಂದಕ್ಕೂ 20. ಬಂದೂಕಿನ ಬಾಬ್ತೇ 105 ವರ್ಷ ಆಯಿತು! ಎಲ್ಲವೂ ಒಂದೇ ವಿಚಾರಣೆಯಲ್ಲಿ ಬಂದರೂ ಎರಡನೆಯ ಆರೋಪದಿಂದ ಅವನು ಹಳೇ ಅಪರಾಧಿ ಅಂತೆ. 1993ರಲ್ಲಿ ಸುಪ್ರೀಂ ಕೋರ್ಟು ಇದನ್ನೂ ಎತ್ತಿಹಿಡಿಯಿತು. 2018ರ ಡಿಸೆಂಬರ್‌ನಲ್ಲಿ ಕಾನೂನು ಬದಲಾಯಿತು. ಹಿಂದೊಮ್ಮೆ ಶಿಕ್ಷೆಯಾಗಿ, ಅದು ಅಂತಿಮವಾದ ಮೇಲೆ ಮತ್ತೆ ಅದೇ ಅಪರಾಧ ಮಾಡಿದವರಿಗೆ ಮಾತ್ರ ಆ ಭಾರಿ ಶಿಕ್ಷೆ ಎಂದಾಯಿತು. ಆದರೆ ಅದಕ್ಕೂ ಮೊದಲೇ ಶಿಕ್ಷೆಯಾದವರಿಗೆ ಆ ತಿದ್ದುಪಡಿ ತಾನಾಗಿ ಅನ್ವಯಿಸಲಿಲ್ಲ.

ಇಷ್ಟು ವರ್ಷಗಳು ಬಂದೂಕಿನ ಮೇಲೆ ನಿಂತಿರುವಾಗ ಅದಕ್ಕೆ ಗಟ್ಟಿ ಪುರಾವೆ ಇರಲೇಬೇಕು ಅಂದುಕೊಳ್ಳುತ್ತೀರಿ. ಎಷ್ಟೋ ಸಲ ಬಂದೂಕು ಪೊಲೀಸರಿಗೆ ಸಿಕ್ಕಿರುವುದೇ ಇಲ್ಲ. ಕಪ್ಪು ಪಿಸ್ತೂಲು ನೋಡಿದೆ ಎಂಬ ಕ್ಯಾಷಿಯರ್ ಮಾತು ಜ್ಯೂರಿಗೆ ಸಾಕಾಗಬಹುದು. ಆಟಿಕೆ ಆಗಿದ್ದರೆ ಈ ಕಾನೂನು ಅನ್ವಯಿಸುವುದಿಲ್ಲ, ಆದರೆ ಅದು ಆಟಿಕೆಯೋ ಅಸಲಿಯೋ ಎಂದು ದೂರದಿಂದ ಹೇಳುವವರು ಯಾರು? ಅಪೀಲಿನಲ್ಲಿ ಇದನ್ನು ಕೆದಕುವುದು ಇನ್ನೂ ಕಷ್ಟ. ಹೊಸ ಸಾಕ್ಷಿಗಳನ್ನು ಕರೆಯುವುದಿಲ್ಲ. ಇರುವ ಸಾಕ್ಷ್ಯವನ್ನೆಲ್ಲ ಪ್ರಾಸಿಕ್ಯೂಷನ್ನಿಗೆ ಅನುಕೂಲವಾಗುವ ಹಾಗೆ ನೋಡಿ, ತಲೆ ನೆಟ್ಟಗಿರುವ ಯಾವ ಜ್ಯೂರಿಯಾದರೂ ಹೀಗೆ ತೀರ್ಮಾನಿಸಬಹುದಿತ್ತೇ ಎಂದಷ್ಟೇ ಕೇಳುತ್ತಾರೆ. 1979ರಿಂದ ಇದೇ ಅಳತೆಗೋಲು.

ವಿಚಾರಣೆ ಹೊತ್ತಲ್ಲಿ ವಕೀಲರು ಬಾಯಿಬಿಟ್ಟು ಆಕ್ಷೇಪಣೆ ಹೇಳದಿದ್ದರೆ ಅಳತೆಗೋಲು ಇನ್ನೂ ಬಿಗಿಯಾಗುತ್ತದೆ. ಎದ್ದು ಕಾಣುವ ತಪ್ಪು, ಅದೂ ಫಲಿತಾಂಶಕ್ಕೆ ಪೆಟ್ಟು ಕೊಟ್ಟ ತಪ್ಪು ಅಂತ ತೋರಿಸಬೇಕು. ವಕೀಲರು ಸುಮ್ನೆ ಕೂತಿದ್ದಕ್ಕೆ ಕಕ್ಷಿದಾರ ಜೈಲಲ್ಲಿ ವರ್ಷ ಎಣಿಸಬೇಕು. ನನಗೆ ಒಪ್ಪಿಕೊಳ್ಳಲು ಕಷ್ಟವಾಗುವುದು ಇದೇ.