ಚಿಕೋರಿ ಎಷ್ಟು ಹಾಕಲಿ?

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಬೆಳೆದದ್ದು ಗದಗದಲ್ಲಿ. ನಮ್ಮ ಕಡೆ ಮನೆಗೆ ಯಾರು ಬಂದರೂ ಚಹಾ. ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದೆ, ಬಸವನಗುಡಿಯಲ್ಲಿ ಒಂದು ರೂಮು ಹಿಡಿದೆ. ಸುತ್ತಮುತ್ತ ಎಲ್ಲಿ ನೋಡಿದರೂ ಕಾಫಿ. ಆದರೆ ಮೊದಲ ಎರಡು ವರ್ಷ ಅದು ನನಗೆ ಸೇರಲೇ ಇಲ್ಲ. ಆಫೀಸಿನ ಹತ್ತಿರದ ಒಂದು ಹೋಟೆಲಿನಲ್ಲಿ ಮಧ್ಯಾಹ್ನ ಗೆಳೆಯರು ಬೈಟು ಹೇಳುತ್ತಿದ್ದರು. ಒಂದು ಗುಟುಕು ಕುಡಿದರೆ ಸಾಕು, ಸಂಜೆವರೆಗೂ ನಾಲಿಗೆಯಲ್ಲಿ ಸುಟ್ಟ ಕಹಿ. ಕಾಫಿ ಅಂದರೆ ಇಷ್ಟೇ ಅಂದುಕೊಂಡಿದ್ದೆ. ಅದು ಬೆಳಿಗ್ಗೆ ಇಳಿಸಿದ ಡಿಕಾಕ್ಷನ್, ಮತ್ತೆ ಮತ್ತೆ ಕಾಯಿಸಿ ಕೊಡುತ್ತಿದ್ದಾರೆ ಅಂತ ಆಗ ಗೊತ್ತಿರಲಿಲ್ಲ.

ಒಂದು ದಿನ ನಮ್ಮ ಮನೆ ಓನರ್ ಅಜ್ಜಿಗೆ ಮಂಡಿನೋವು ಜಾಸ್ತಿಯಾಗಿತ್ತು. ಗಾಂಧಿ ಬಜಾರಿನಿಂದ ಅರ್ಧ ಕೆಜಿ ಕಾಫಿಪುಡಿ ತಂದುಕೊಡಪ್ಪ ಅಂದರು. ಅಂಗಡಿಗೆ ಹೋಗಿ ಕೇಳಿದೆ. ಅಂಗಡಿಯವರು, "ಪೀಬರಿನಾ, ಪ್ಲಾಂಟೇಶನ್ನಾ? ಚಿಕೋರಿ ಎಷ್ಟು ಹಾಕಲಿ ಸಾರ್?" ಅಂದರು. ನನಗೆ ಒಂದೂ ತಿಳಿಯಲಿಲ್ಲ. ಯಾರ ಮನೆಗೆ ಅಂತ ಕೇಳಿದರು. ಹೇಳಿದೆ. "ಓ, ಅಮ್ಮನವರಿಗಾ!" ಅಂತ ನಕ್ಕು, ಎರಡು ಡಬ್ಬಿಗಳಿಂದ ಬೀಜ ತೆಗೆದು ತೂಗಿ ಮಿಷನ್ನಿಗೆ ಸುರಿದರು. ಕಿವಿ ತುಂಬುವಷ್ಟು ಸದ್ದು. ಕೆಳಗೆ ಪುಡಿ ಬೀಳತೊಡಗಿದಾಗ ಎದ್ದ ಘಮ ಇದೆಯಲ್ಲ, ಅಂಗಡಿ ಮುಂದಿನ ಹೂವಿನ ವಾಸನೆಯನ್ನೂ ಮುಚ್ಚಿಹಾಕಿತು. ಪೊಟ್ಟಣ ಕೈಗೆ ಕೊಟ್ಟಾಗ ಬೆಚ್ಚಗಿತ್ತು. ಅದನ್ನು ಎದೆಗೆ ಒತ್ತಿಕೊಂಡೇ ಮನೆಗೆ ನಡೆದೆ.

ಅವತ್ತು ಅಜ್ಜಿಯನ್ನು ನಾನಾಗಿಯೇ ಕೇಳಿದೆ, "ನನಗೂ ಒಂದು ಲೋಟ ಕೊಡ್ತೀರಾ?"

ಅವರ ಹಿತ್ತಾಳೆ ಫಿಲ್ಟರ್ ಇನ್ನೂ ನನ್ನ ಕಣ್ಣ ಮುಂದಿದೆ. ಮೇಲಿನ ಡಬ್ಬಿಗೆ ಮೂರು ಚಮಚ ಪುಡಿ ಹಾಕಿ, ಹಿಡಿ ಇರುವ ತೂತಿನ ಬಿಲ್ಲೆಯಿಂದ ಮೆಲ್ಲಗೆ ಅದುಮಿದರು. "ಜಾಸ್ತಿ ಒತ್ತಬೇಡಪ್ಪ, ನೀರು ಇಳಿಯೋಕೆ ದಾರಿ ಇರಲಿ" ಅಂದರು. ಕುದಿ ಬಂದ ನೀರನ್ನು ಕೆಳಗಿಳಿಸಿ, ಅರ್ಧ ನಿಮಿಷ ಬಿಟ್ಟು, ಸುತ್ತ ತಿರುಗಿಸುತ್ತಾ ಹುಯ್ದರು. ಮುಚ್ಚಳ ಮುಚ್ಚಿದರು. ಆಮೇಲೆ ಹದಿನೈದು ನಿಮಿಷ ಮುಟ್ಟುವ ಹಾಗಿಲ್ಲ. ಹಾಲು ಉಕ್ಕಿ ಬರುವ ಹೊತ್ತಿಗೆ ಸರಿಯಾಗಿ ಡಿಕಾಕ್ಷನ್ ಇಳಿದಿತ್ತು. ಮೊದಲ ಗುಟುಕಿನಲ್ಲಿ ಕಹಿ ಇತ್ತು, ನಿಜ. ಆದರೆ ಅದರ ಹಿಂದೆಯೇ ಬೆಲ್ಲದ ಪಾಕದಂಥ ಒಂದು ರುಚಿ ಬಂತು. ಹೋಟೆಲಿನ ಸುಟ್ಟ ಕಹಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಆಮೇಲೆ ಅಂಗಡಿಯವರ ಪ್ರಶ್ನೆಗೆ ಅರ್ಥ ಹುಡುಕಿದೆ. ಕಾಫಿ ಹಣ್ಣಿನೊಳಗೆ ಸಾಮಾನ್ಯವಾಗಿ ಎರಡು ಬೀಜ, ಒಂದೊಂದು ಬದಿ ಚಪ್ಪಟೆ. ಕೆಲವು ಹಣ್ಣಿನಲ್ಲಿ ಒಂದೇ ಬೀಜ ಗುಂಡಗೆ ಬೆಳೆಯುತ್ತದೆ. ಅದೇ ಪೀಬರಿ. ಪ್ಲಾಂಟೇಶನ್ ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿದ ಅರೇಬಿಕಾ ಜಾತಿಯ ಕಾಫಿ. ರೊಬಸ್ಟಾ ಅನ್ನುವ ಇನ್ನೊಂದು ಜಾತಿ ಇದಕ್ಕಿಂತ ಒರಟು, ಗಟ್ಟಿ, ಕೆಫೀನೂ ಸುಮಾರು ಎರಡು ಪಟ್ಟು. ಚಿಕೋರಿ ಕಾಫಿಯೇ ಅಲ್ಲ, ಒಂದು ಬೇರು. ಹುರಿದು ಪುಡಿ ಮಾಡಿ ಸೇರಿಸಿದರೆ ಬಣ್ಣ ಬರುತ್ತದೆ, ಡಿಕಾಕ್ಷನ್ ಮಂದವಾಗುತ್ತದೆ. ಸ್ವಲ್ಪ ಇದ್ದರೆ ಚೆನ್ನ. ಆದರೆ ಕೆಲವು ಪ್ಯಾಕೆಟ್‌ಗಳಲ್ಲಿ ಹತ್ತಿರ ಹತ್ತಿರ ಅರ್ಧ ಅದೇ ಇರುತ್ತದೆ. ಕೊಳ್ಳುವಾಗ ಹಿಂದೆ ತಿರುಗಿಸಿ ಓದಿ, ಬರೆದಿರುತ್ತಾರೆ.

ನಾಲಿಗೆ ಪಳಗಿದ ಮೇಲೆ ಊರು ಸುತ್ತಲು ಶುರು ಮಾಡಿದೆ. ಒಳ್ಳೆಯ ಕಾಫಿ ಎಲ್ಲಿ ಸಿಗುತ್ತದೆ ಅಂತ ಕೇಳುವವರಿಗೆ ನಾನು ಹೇಳುವುದು ಒಂದೇ. ಜನ ಮುಗಿಬೀಳುವ ಕಡೆ ಹೋಗಿ, ಅದೂ ಬೆಳಿಗ್ಗೆ. ಅಲ್ಲಿ ಡಿಕಾಕ್ಷನ್‌ಗೆ ಹಳತಾಗಲು ಪುರುಸೊತ್ತೇ ಇರುವುದಿಲ್ಲ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಇದೆ. ಇಡ್ಲಿ, ವಡೆ, ಚಟ್ನಿ ತಿಂದು, ಬೀದಿಯಲ್ಲೇ ನಿಂತು ಕುಡಿಯುವ ಆ ಕಾಫಿ ನನಗೆ ಬಲು ಇಷ್ಟ. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ನಲ್ಲಿ ಬೆಳ್ಳಿ ಲೋಟದಲ್ಲಿ ಕೊಡುತ್ತಾರೆ, ಹಿಡಿಯಲಾರದಷ್ಟು ಬಿಸಿ.

ಇಂಡಿಯಾ ಕಾಫಿ ಹೌಸ್ ಬೇರೆಯೇ ಲೋಕ. ಸರ್ಕಾರದ ಕಾಫಿ ಬೋರ್ಡ್ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ ಕೆಲಸಗಾರರೇ ಸೇರಿ ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಮೊದಲ ಸಂಘ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, 1957ರಲ್ಲಿ. ಎಂ.ಜಿ. ರಸ್ತೆಯಲ್ಲಿದ್ದದ್ದು 2009ರಲ್ಲಿ ಚರ್ಚ್ ಸ್ಟ್ರೀಟ್‌ಗೆ ಹೋಯಿತು. ಪೇಟ ಕಟ್ಟಿದ ಆ ಮಂದಿ ಮುಂದೆ ಕಪ್ಪು ಇಟ್ಟಾಗ, ಅವರು ಉಳಿಸಿಕೊಂಡದ್ದನ್ನು ನಾನು ಕುಡಿಯುತ್ತಿದ್ದೇನೆ ಅನ್ನಿಸುತ್ತದೆ.

ಹೊಸ ಕೆಫೆಗಳಿಗೂ ಹೋಗುತ್ತೇನೆ. ಬೆಲೆ ಜಾಸ್ತಿ, ಆದರೂ ಆಗೊಮ್ಮೆ ಈಗೊಮ್ಮೆ ಹೋಗಬೇಕು. ಹಾಲು, ಸಕ್ಕರೆ ಇಲ್ಲದ ಕಾಫಿ ಕುಡಿಯಲು ಕಲಿತದ್ದು ಅಲ್ಲೇ. ಕಮ್ಮಿ ಹುರಿದ ಬೀಜ, ಕಾಗದದ ಫಿಲ್ಟರ್. ಮೊದಲು ಹುಳಿ ಅನ್ನಿಸಿತು. ಸ್ವಲ್ಪ ಆರಿದ ಮೇಲೆ ಕಿತ್ತಳೆ ಸಿಪ್ಪೆಯ ವಾಸನೆ ಬಂತು. ಕಾಫಿ ಒಂದು ಹಣ್ಣು ಅನ್ನುವುದು ಅವತ್ತು ನಾಲಿಗೆಗೆ ಗೊತ್ತಾಯಿತು. ಪ್ಯಾಕೆಟ್ ಮೇಲೆ ತೋಟದ ಹೆಸರು, ಊರಿನ ಹೆಸರು ಇರುತ್ತದೆ. ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ 70 ಪಾಲು ನಮ್ಮ ರಾಜ್ಯದ್ದೇ, ಕೊಡಗು, ಚಿಕ್ಕಮಗಳೂರು, ಹಾಸನದ್ದು. ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದು ಬೆಟ್ಟದಲ್ಲಿ ನೆಟ್ಟರು ಅನ್ನುವ ಕಥೆ ನಿಮಗೆ ಗೊತ್ತೇ ಇದೆ, ಅಲ್ವಾ? ಆ ಬೆಟ್ಟ ಇಲ್ಲಿಂದ ಒಂದು ರಾತ್ರಿಯ ಬಸ್ಸಿನ ದಾರಿ. ಬೇಸಿಗೆಯ ಹೂಮಳೆ ಬಿದ್ದ ವಾರ ಹೋಗಿ ನೋಡಿ. ಗಿಡಗಳ ತುಂಬಾ ಬಿಳಿ ಹೂ, ಮಲ್ಲಿಗೆಯಂಥ ಪರಿಮಳ. ಕೆಲವೇ ದಿನ, ಆಮೇಲೆ ಉದುರಿಹೋಗುತ್ತದೆ.

ಕಳೆದ ತಿಂಗಳು ಅವ್ವ ಬಂದಿದ್ದಳು. ಜೀವಮಾನವೆಲ್ಲ ಚಹಾ ಕುಡಿದವಳು. ಎರಡು ದಿನ ನಾನು ಫಿಲ್ಟರ್ ಇಳಿಸುವುದನ್ನು ಸುಮ್ನೆ ನೋಡುತ್ತಾ ಕೂತಿದ್ದಳು. ಮೂರನೇ ದಿನ ಬೆಳಿಗ್ಗೆ, "ನನಗೂ ಒಂದೀಟು ಹಾಕಪಾ" ಅಂದಳು. ಊರಿಗೆ ಹೊರಟಾಗ ಅವಳ ಚೀಲದಲ್ಲಿ ಒಂದು ಸಣ್ಣ ಫಿಲ್ಟರ್ ಇತ್ತು, ಕಾಲು ಕೆಜಿ ಪುಡಿ ಇತ್ತು. ಅರ್ಧ ಪೀಬರಿ, ಅರ್ಧ ಪ್ಲಾಂಟೇಶನ್, ಚಿಕೋರಿ ನೂರಕ್ಕೆ 15.

ನಮಸ್ಕಾರ.