99 ವರ್ಷಗಳ ಮನೆ

ಕೇಳುಗರಿಗೆ ನಮಸ್ಕಾರ.

ಬೆಂಗಳೂರನ್ನು ಸಿಂಗಪುರದಂತೆ ಮಾಡಬೇಕೆಂಬ ಮಾತು ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದ ಕಾಲದಿಂದಲೂ ಕರ್ನಾಟಕದಲ್ಲಿ ಕೇಳಿಬರುತ್ತಿದೆ. ಆ ಮಾತು ಬಂದಾಗಲೆಲ್ಲ ಅಗಲವಾದ ರಸ್ತೆ, ಕಸವಿಲ್ಲದ ಬೀದಿ, ವೇಳೆಗೆ ಸರಿಯಾಗಿ ಬರುವ ರೈಲು ನಮ್ಮ ಕಣ್ಣೆದುರು ನಿಲ್ಲುತ್ತವೆ. ಆದರೆ ಆ ಪುಟ್ಟ ದೇಶವನ್ನು ಆಳುವ ಬಗೆ ಹೇಗೆಂದು ತಿಳಿಯಬಯಸುವವರು ಮೊದಲು ನೋಡಬೇಕಾದದ್ದು ಅಲ್ಲಿಯ ಸಾಮಾನ್ಯ ಕುಟುಂಬವೊಂದು ಬಾಳುವ ಮನೆಯನ್ನು ಎಂದು ನಾನು ಭಾವಿಸಿದ್ದೇನೆ. ಅಲ್ಲಿಯ ಪೌರರು ಮತ್ತು ಕಾಯಂ ನಿವಾಸಿಗಳಲ್ಲಿ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಜನ ಸರ್ಕಾರವೇ ಕಟ್ಟಿಸಿದ ಫ್ಲ್ಯಾಟ್‌ಗಳಲ್ಲಿದ್ದಾರೆ. ಅವರಲ್ಲಿ ಬಹುಪಾಲು ಜನ ಬಾಡಿಗೆದಾರರಲ್ಲ, ಹಣ ಕೊಟ್ಟು ಕೊಂಡವರು. ಕೊಂಡದ್ದು 99 ವರ್ಷಗಳ ಗುತ್ತಿಗೆಯ ಮೇಲೆ. ಭೂಮಿ ಸರ್ಕಾರದ್ದು, ಮನೆ ಪ್ರಜೆಯದ್ದು ಎಂಬ ಈ ಏರ್ಪಾಡು ಹೇಗೆ ಹುಟ್ಟಿತು, ಅದಕ್ಕೆ ಯಾರು ಬೆಲೆ ತೆತ್ತರು, ಇಂದು ಅದು ಯಾವ ಪ್ರಶ್ನೆಯ ಎದುರು ನಿಂತಿದೆ ಎಂಬುದನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ.

1959ರಲ್ಲಿ ಸಿಂಗಪುರಕ್ಕೆ ಬ್ರಿಟಿಷರಿಂದ ಆಂತರಿಕ ಸ್ವಯಮಾಡಳಿತ ದೊರೆತು ಲೀ ಕ್ವಾನ್ ಯೂ ಪ್ರಧಾನಿಯಾದಾಗ, ಊರಿನ ನಡುಭಾಗದ ಹಳೆಯ ಅಂಗಡಿ ಮನೆಗಳಲ್ಲಿ ಒಂದೊಂದು ಕೋಣೆಯನ್ನೂ ಹಲಗೆಯ ಅಡ್ಡಗೋಡೆಗಳಿಂದ ಸೀಳಿ ಹಲವು ಕುಟುಂಬಗಳು ವಾಸಿಸುತ್ತಿದ್ದವು. ಅಂಚಿನಲ್ಲಿ ಕಾಂಪೊಂಗ್ ಎಂದು ಕರೆಯುವ, ತಾಳೆಗರಿ ಅಥವಾ ತಗಡು ಹೊದಿಸಿದ ಮರದ ಮನೆಗಳ ಕೇರಿಗಳಿದ್ದವು. ವಸಾಹತು ಆಡಳಿತ 1927ರಲ್ಲಿ ಸ್ಥಾಪಿಸಿದ್ದ ಅಭಿವೃದ್ಧಿ ನ್ಯಾಸವು ಮೂರು ದಶಕಗಳಲ್ಲಿ ಕಟ್ಟಿದ್ದು ಸುಮಾರು 23,000 ಮನೆಗಳನ್ನು ಮಾತ್ರ. 1960ರ ಫೆಬ್ರವರಿಯಲ್ಲಿ ಅದರ ಜಾಗಕ್ಕೆ ವಸತಿ ಮತ್ತು ಅಭಿವೃದ್ಧಿ ಮಂಡಳಿ ಬಂದಿತು. ಜನರ ಬಾಯಲ್ಲಿ ಅದು ಎಚ್‌ಡಿಬಿ. ಅದರ ಮೊದಲ ಅಧ್ಯಕ್ಷ ಲಿಮ್ ಕಿಮ್ ಸಾನ್ ವಾಸ್ತುಶಿಲ್ಪಿಯಲ್ಲ, ವ್ಯಾಪಾರಸ್ಥ. ಹೆಚ್ಚು ಮನೆ, ಬೇಗ ಮನೆ, ಕಡಿಮೆ ಖರ್ಚಿನ ಮನೆ ಎಂಬುದೊಂದೇ ಅವರ ಗುರಿಯಾಗಿತ್ತು. ನ್ಯಾಸ ಮೂರು ದಶಕಗಳಲ್ಲಿ ಕಟ್ಟಿದ್ದರ ಎರಡು ಪಟ್ಟಿಗಿಂತ ಹೆಚ್ಚನ್ನು ಮಂಡಳಿ ಮೊದಲ ಐದೇ ವರ್ಷಗಳಲ್ಲಿ ಕಟ್ಟಿತು.

ಈ ಕಥೆಯ ನಡುವೆ ಒಂದು ಬೆಂಕಿಯಿದೆ. 1961ರ ಮೇ 25ರಂದು, ಬಕ್ರೀದ್ ಹಬ್ಬದ ದಿನ, ಬುಕಿತ್ ಹೋ ಸ್ವೀ ಎಂಬ ಕೇರಿಗೆ ಬೆಂಕಿ ಬಿದ್ದು ನಾಲ್ವರು ಸತ್ತರು, ಸುಮಾರು 16,000 ಜನ ಮನೆ ಕಳೆದುಕೊಂಡರು. ಆ ರಾತ್ರಿ ಶಾಲೆಗಳಲ್ಲಿ ಆಶ್ರಯ ಪಡೆದವರನ್ನು ಮಂಡಳಿಯ ಹೊಸ ಫ್ಲ್ಯಾಟ್‌ಗಳಿಗೆ ಕಳಿಸಲಾಯಿತು, ಸುಟ್ಟ ನೆಲದ ಮೇಲೆಯೇ ಹೊಸ ಕಟ್ಟಡಗಳು ಎದ್ದವು. ಇಷ್ಟನ್ನು ಅಲ್ಲಿಯ ಶಾಲಾ ಮಕ್ಕಳೂ ಬಲ್ಲರು. ಅಷ್ಟಾಗಿ ಚರ್ಚೆಗೆ ಬಾರದ ಸಂಗತಿ ಆಮೇಲೆ ಆದ ಕಾನೂನಿನ ತಿದ್ದುಪಡಿ. ಒಕ್ಕಲಿರುವ ನೆಲಕ್ಕಿಂತ ಖಾಲಿಯಾದ ನೆಲಕ್ಕೆ ಬೆಲೆ ಎಷ್ಟೋ ಪಟ್ಟು ಹೆಚ್ಚು. ಆದ್ದರಿಂದ ಬೆಂಕಿ ಬಿದ್ದರೆ ಬಡವನ ಮನೆ ಹೋಗಿ ಜಮೀನುದಾರನಿಗೆ ಲಾಭವಾಗುತ್ತಿತ್ತು. ಬೆಂಕಿಗೆ ತುತ್ತಾದ ನೆಲವನ್ನು ಸರ್ಕಾರ ವಶಪಡಿಸಿಕೊಳ್ಳುವಾಗ ಗುಡಿಸಲುಗಳು ಇನ್ನೂ ಅಲ್ಲೇ ಇವೆ ಎಂಬ ಲೆಕ್ಕದಲ್ಲಿಯೇ ಪರಿಹಾರ ಕೊಡತಕ್ಕದ್ದು ಎಂದು ಲೀ ಸರ್ಕಾರ ಕಾನೂನು ಮಾಡಿತು. ನೆಲದ ಬೆಲೆ ಏರುವುದು ಒಡೆಯನ ದುಡಿಮೆಯಿಂದಲ್ಲ, ಸಾರ್ವಜನಿಕರ ಹಣದಿಂದ ಎಂಬ ವಾದ ಇದರ ಹಿಂದಿತ್ತು. ಸಿಂಗಪುರದ ಮುಂದಿನ ಅರ್ಧ ಶತಮಾನದ ಆಡಳಿತಕ್ಕೆ ಈ ವಾದವೇ ಅಡಿಗಲ್ಲು.

ಮಲೇಷ್ಯಾದಿಂದ ಬೇರ್ಪಟ್ಟು ಸ್ವತಂತ್ರವಾದ ಮರುವರ್ಷ, 1966ರಲ್ಲಿ, ಭೂಸ್ವಾಧೀನ ಕಾಯಿದೆ ಬಂದಿತು. ಸಾರ್ವಜನಿಕ ಉದ್ದೇಶಕ್ಕೆ ಬೇಕೆಂದು ಸರ್ಕಾರ ಘೋಷಿಸಿದರೆ ಸಾಕು. ಒಡೆಯನು ಪರಿಹಾರದ ಮೊತ್ತದ ಬಗ್ಗೆ ತಕರಾರು ಎತ್ತಬಹುದಿತ್ತೇ ಹೊರತು ಸ್ವಾಧೀನವನ್ನು ತಡೆಯುವುದು ಹೆಚ್ಚುಕಡಿಮೆ ಆಗದ ಮಾತಾಗಿತ್ತು. ಮುಂದೆ ಪರಿಹಾರದ ದರವನ್ನು 1973ರ ನವೆಂಬರ್ ತಿಂಗಳ ಬೆಲೆಗೆ ಕಟ್ಟಿಹಾಕಿದರು. ಹತ್ತು ವರ್ಷಗಳ ಬಳಿಕ ಜಮೀನು ಕಳೆದುಕೊಂಡವನಿಗೂ ಅದೇ ಹಳೆಯ ಬೆಲೆ ಸಿಗುತ್ತಿತ್ತು. ನಡುವೆ ದರವನ್ನು ಆಗಾಗ ಪರಿಷ್ಕರಿಸಿದರೂ, ಪೂರ್ತಿ ಮಾರುಕಟ್ಟೆ ಬೆಲೆ ಕೊಡುವ ನಿಯಮ ಬಂದದ್ದು 2007ರಲ್ಲಿ. ಆ ಹೊತ್ತಿಗೆ ದೇಶದ ಬಹುಪಾಲು ನೆಲ ಸರ್ಕಾರದ ಕೈ ಸೇರಿತ್ತು. ಹಂದಿ ಸಾಕುತ್ತಿದ್ದವರು, ತರಕಾರಿ ಬೆಳೆಯುತ್ತಿದ್ದವರು, ಸಣ್ಣ ಮನೆಯೊಂದನ್ನು ಬಾಡಿಗೆಗೆ ಬಿಟ್ಟು ಜೀವನ ಸಾಗಿಸುತ್ತಿದ್ದವರು ಎಲ್ಲರೂ ಎದ್ದು ಹೋಗಬೇಕಾಯಿತು. ಸತ್ತವರಿಗೂ ವಿನಾಯಿತಿ ಇರಲಿಲ್ಲ: ಇಂದು ಸುಂದರವಾಗಿ ಹಬ್ಬಿರುವ ಬಿಷಾನ್ ಬಡಾವಣೆ ಒಂದು ಕಾಲಕ್ಕೆ ಚೀನೀಯರ ವಿಶಾಲವಾದ ಸ್ಮಶಾನವಾಗಿತ್ತು. ಸಿಂಗಪುರವನ್ನು ಮೆಚ್ಚುವವರು ಈ ಭಾಗವನ್ನು ಬಿಟ್ಟು ಮಾತನಾಡಬಾರದು. ಅದು ಕಣ್ಣೀರಿಲ್ಲದೆ ಆದ ಬದಲಾವಣೆಯಲ್ಲ.

ಇಷ್ಟು ದೊಡ್ಡ ಅಧಿಕಾರ ಒಂದು ಇಲಾಖೆಯ ಕೈಯಲ್ಲಿದ್ದಾಗ ಲಂಚದ ಬಾಗಿಲೂ ತೆರೆದಿರುತ್ತದೆ ಎಂಬುದು ನಮಗೆ ಹೊಸದಲ್ಲ. ಅಲ್ಲಿಯೂ ಅದು ಬಂದಿತು, ಮತ್ತು ತೀರ ಮೇಲಿನಿಂದಲೇ ಬಂದಿತು. ಮಂಡಳಿಯ ಮುಖ್ಯಾಧಿಕಾರಿಯಾಗಿದ್ದು ಮುಂದೆ ರಾಷ್ಟ್ರೀಯ ಅಭಿವೃದ್ಧಿ ಸಚಿವರಾದ ತೆ ಚೆಯಾಂಗ್ ವಾನ್ ಅವರ ಮೇಲೆ, ಸ್ವಾಧೀನವಾಗಬೇಕಿದ್ದ ಜಮೀನಿನ ಒಂದು ಭಾಗವನ್ನು ಒಡೆಯರಿಗೇ ಉಳಿಸಿಕೊಡಲು ಹಣ ಪಡೆದರೆಂಬ ಆರೋಪ ಬಂದು, ಭ್ರಷ್ಟಾಚಾರ ತನಿಖಾ ದಳ 1986ರಲ್ಲಿ ಅವರನ್ನು ವಿಚಾರಣೆಗೆ ಒಳಪಡಿಸಿತು. ಪ್ರಧಾನಿಯನ್ನು ಕಾಣಲು ಅವರು ಬಯಸಿದರು. ತನಿಖೆ ಮುಗಿಯುವ ತನಕ ಭೇಟಿಯಾಗಲಾರೆನೆಂದು ಲೀ ಉತ್ತರಿಸಿದರು. ಆ ಡಿಸೆಂಬರಿನಲ್ಲಿ ಸಚಿವರು ತಮ್ಮ ಪ್ರಾಣವನ್ನೇ ತೆಗೆದುಕೊಂಡರು. ಆ ಸಾವು ಯಾರಿಗೂ ಸಮಾಧಾನ ತರುವಂಥದ್ದಲ್ಲ. ಆದರೂ ಸಂಪುಟದ ಸಹೋದ್ಯೋಗಿಯೆಂದು, ಹಳೆಯ ಒಡನಾಡಿಯೆಂದು ತನಿಖೆಯನ್ನು ನಿಲ್ಲಿಸಲಿಲ್ಲ ಎಂಬ ಸಂಗತಿಗೆ ತೂಕವಿದೆ. ಪ್ರಜೆಯ ನೆಲವನ್ನು ಕಡಿಮೆ ಬೆಲೆಗೆ ತೆಗೆದುಕೊಳ್ಳುವ ಸರ್ಕಾರ, ಆ ನೆಲ ಯಾರದೋ ಜೇಬಿಗೆ ಹೋಗಲಿಲ್ಲವೆಂದು ತೋರಿಸಲಾರದೆ ಹೋದರೆ, ಅಂಥ ಕಾಯಿದೆ ಬರಿಯ ದರೋಡೆಯಾಗಿಬಿಡುತ್ತದೆ.

ಇನ್ನು ಹಣದ ಮಾತು. ಮನೆಗಳನ್ನು ಬಾಡಿಗೆಗೆ ಕೊಡುವುದರ ಬದಲು ಮಾರುವ ಯೋಜನೆ 1964ರಲ್ಲಿ ಆರಂಭವಾಯಿತು. ಕ್ವೀನ್ಸ್‌ಟೌನ್ ಎಂಬ ಬಡಾವಣೆಯಲ್ಲಿ ಎರಡು ಕೋಣೆಯ ಮನೆಗೆ 4,900 ಡಾಲರ್, ಮೂರು ಕೋಣೆಯ ಮನೆಗೆ 6,200 ಡಾಲರ್ ಬೆಲೆ ಕಟ್ಟಿದ್ದರು. ಅಲ್ಲಿಯ ಡಾಲರಿನ ಲೆಕ್ಕ ಇದು. ಕೂಲಿಕಾರನಿಗೆ ಮುಂಗಡ ಹೊಂದಿಸುವುದೇ ಕಷ್ಟವಾದ್ದರಿಂದ ಕೊಳ್ಳುವವರು ನಿರೀಕ್ಷಿಸಿದಷ್ಟು ಮುಂದೆ ಬರಲಿಲ್ಲ. ಬೀಗ ತೆರೆದದ್ದು 1968ರಲ್ಲಿ. ಸಂಬಳದಿಂದ ಕಡ್ಡಾಯವಾಗಿ ಮುರಿದು, ಮಾಲೀಕನ ಪಾಲನ್ನೂ ಸೇರಿಸಿ, ಮುಪ್ಪಿನ ಕಾಲಕ್ಕೆಂದು ಕೂಡಿಡುವ ಸಿಪಿಎಫ್ ಎಂಬ ಭವಿಷ್ಯ ನಿಧಿ 1955ರಿಂದಲೇ ಇತ್ತು. ಆ ಹಣದಿಂದ ಮನೆಯ ಮುಂಗಡವನ್ನೂ ತಿಂಗಳ ಕಂತನ್ನೂ ಕಟ್ಟಬಹುದೆಂದು ಸರ್ಕಾರ ಅನುಮತಿ ಕೊಟ್ಟದ್ದೇ ತಡ, ಅರ್ಜಿಗಳ ಮಹಾಪೂರ ಹರಿಯಿತು. ಇಂದು 55 ವರ್ಷದೊಳಗಿನ ನೌಕರನ ಸಂಬಳದ ಶೇಕಡ 20ರಷ್ಟು ಅವನಿಂದಲೂ ಶೇಕಡ 17ರಷ್ಟು ಮಾಲೀಕನಿಂದಲೂ ಒಂದು ಮಿತಿಗೆ ಒಳಪಟ್ಟು ಈ ನಿಧಿಗೆ ಸಲ್ಲುತ್ತದೆ. ಅನೇಕ ಕುಟುಂಬಗಳು ಕೈಯಿಂದ ನಗದು ತೆಗೆಯದೆಯೇ ಮನೆಯ ಸಾಲ ತೀರಿಸುತ್ತವೆ. ಅನುಕೂಲ ದೊಡ್ಡದು, ಆದರೆ ಮುಪ್ಪಿನ ಹಣವೆಲ್ಲ ಗೋಡೆಯಲ್ಲಿ ಹುದುಗಿಹೋಗುವ ಅಪಾಯವೂ ಇದರಲ್ಲೇ ಇದೆ.

ಇಷ್ಟೆಲ್ಲ ಶ್ರಮಪಟ್ಟು ಜನರನ್ನು ಮನೆಯೊಡೆಯರನ್ನಾಗಿ ಮಾಡಿದ್ದು ಕರುಣೆಯಿಂದ ಮಾತ್ರವಲ್ಲ. ಪ್ರತಿ ಕುಟುಂಬಕ್ಕೂ ದೇಶದಲ್ಲಿ ತನ್ನದೆಂಬ ಪಾಲು ಇರಬೇಕು, ಕಡ್ಡಾಯ ಸೈನಿಕ ಸೇವೆಗೆ ಮಗನನ್ನು ಕಳಿಸುವ ತಂದೆತಾಯಿಗಳಿಗೆ ಅವನು ಕಾಯುವುದು ತಮ್ಮ ಮನೆಯನ್ನೇ ಎಂದು ಅನಿಸಬೇಕು ಎಂದು ಲೀ ಹೇಳಿಕೊಂಡಿದ್ದಾರೆ. ರಾಜಕೀಯ ಲಾಭವೂ ಇದರಲ್ಲಿ ಇಲ್ಲದಿರಲಿಲ್ಲ. 1997ರ ಚುನಾವಣೆಯಲ್ಲಿ ಅಂದಿನ ಪ್ರಧಾನಿ ಗೋ ಚೋಕ್ ತೋಂಗ್, ಹಳೆಯ ಕಟ್ಟಡಗಳ ನವೀಕರಣದಲ್ಲಿ ತಮ್ಮ ಪಕ್ಷಕ್ಕೆ ಮತ ಕೊಟ್ಟ ಕ್ಷೇತ್ರಗಳಿಗೆ ಮೊದಲ ಮಣೆ ಎಂದು ಬಹಿರಂಗವಾಗಿಯೇ ಸಾರಿದರು. ಪೊತೊಂಗ್ ಪಾಸಿರ್ ಮತ್ತು ಹೌಗಾಂಗ್ ಕ್ಷೇತ್ರಗಳ ಮತದಾರರು ಆದರೂ ವಿರೋಧ ಪಕ್ಷದವರನ್ನೇ ಆರಿಸಿದರು. ಮೊಣಕಾಲು ನೋವಿನ ಮುದುಕರು ಲಿಫ್ಟು ನಿಲ್ಲದ ಮಹಡಿಗೆ ಮೆಟ್ಟಿಲು ಹತ್ತಬೇಕಾದ ಕಟ್ಟಡಗಳಲ್ಲಿ ಇಂಥ ಷರತ್ತು ಎಷ್ಟು ಕಠಿಣವಾದದ್ದೆಂದು ಊಹಿಸಬಹುದು. ಸಾರ್ವಜನಿಕರ ಹಣದಿಂದ ಆಗುವ ಕೆಲಸಕ್ಕೆ ಮತದ ತಕ್ಕಡಿ ಹಿಡಿದದ್ದು ತಪ್ಪೆಂದೇ ನನ್ನ ಅಭಿಪ್ರಾಯ.

ಈ ಕಟ್ಟಡಗಳ ಕೆಳಗೆ, ನೆಲಮಟ್ಟದಲ್ಲಿ, ಕಂಬಗಳ ನಡುವೆ ಗೋಡೆಗಳಿಲ್ಲದ ತೆರೆದ ಜಾಗವಿರುತ್ತದೆ. ವಾಯ್ಡ್ ಡೆಕ್ ಎಂದು ಅದರ ಹೆಸರು. ಮಲಯ ಕುಟುಂಬದ ಮದುವೆಯ ಊಟ ನಡೆಯುವುದು ಅಲ್ಲಿಯೇ, ಚೀನೀ ಕುಟುಂಬ ತೀರಿಕೊಂಡ ಹಿರಿಯರ ದೇಹವನ್ನಿಟ್ಟು ದಿನಗಟ್ಟಲೆ ಜಾಗರಣೆ ಮಾಡುವುದೂ ಅಲ್ಲಿಯೇ. ನೆರೆಹೊರೆಯ ಈ ಮಿಶ್ರಣ ತಾನಾಗಿ ಆದದ್ದಲ್ಲ. 1964ರಲ್ಲಿ ಮಲಯರಿಗೂ ಚೀನೀಯರಿಗೂ ನಡೆದ ಗಲಭೆಗಳ ನೆನಪು ಆಳುವವರನ್ನು ಬಿಟ್ಟಿರಲಿಲ್ಲ. 1980ರ ದಶಕದಲ್ಲಿ ಒಂದೊಂದು ಜನಾಂಗದವರು ಒಂದೊಂದು ಬಡಾವಣೆಯಲ್ಲಿ ಮತ್ತೆ ಗುಂಪುಗೂಡತೊಡಗಿದ್ದನ್ನು ಕಂಡು, ಸಚಿವರಾಗಿದ್ದ ಎಸ್. ಧನಬಾಲನ್ ಅವರ ಕಾಲದಲ್ಲಿ, 1989ರಲ್ಲಿ, ಪ್ರತಿ ಕಟ್ಟಡಕ್ಕೂ ಪ್ರತಿ ನೆರೆಹೊರೆಗೂ ಜನಾಂಗವಾರು ಮಿತಿಯನ್ನು ಗೊತ್ತುಪಡಿಸಿದರು. ಈಗಿನ ನಿಯಮದಂತೆ ಒಂದು ಕಟ್ಟಡದಲ್ಲಿ ಚೀನೀಯರ ಮನೆಗಳು ಶೇಕಡ 87ನ್ನು, ಮಲಯರವು ಶೇಕಡ 25ನ್ನು, ಭಾರತೀಯರು ಮತ್ತು ಇತರರವು ಶೇಕಡ 15ನ್ನು ಮೀರುವಂತಿಲ್ಲ. ಮಾರುವಾಗ ಇದರ ಬಿಸಿ ತಟ್ಟುತ್ತದೆ. ಚೀನೀಯರ ಮಿತಿ ತುಂಬಿದ ಕಟ್ಟಡದಲ್ಲಿ ತಮಿಳು ಕುಟುಂಬವೊಂದು ಮನೆ ಮಾರಬೇಕಾದರೆ, ದೇಶದ ಬಹುಸಂಖ್ಯಾತರಾದ ಚೀನೀಯರಿಗೆ ಮಾರುವಂತಿಲ್ಲ. ಕೊಳ್ಳುವವರು ವಿರಳವಾಗಿ ಬೆಲೆ ಇಳಿಯುತ್ತದೆ. ಈ ಅಹವಾಲು ವರ್ಷಗಟ್ಟಲೆ ಕೇಳಿಬಂದ ಮೇಲೆ, ನಿಜವಾಗಿ ತೊಂದರೆಗೆ ಸಿಕ್ಕಿಕೊಂಡವರ ಮನೆಯನ್ನು ಮಂಡಳಿಯೇ ಕೊಳ್ಳುವ ಏರ್ಪಾಡು 2022ರಲ್ಲಿ ಬಂದಿತು.

ಸಿಂಗಪುರದಲ್ಲಿ ನೆಲೆಸಿರುವ ನಮ್ಮ ಕನ್ನಡಿಗರೂ ಈ ಲೆಕ್ಕದಲ್ಲಿ ‘ಭಾರತೀಯರು ಮತ್ತು ಇತರರು’ ಎಂಬ ಸಾಲಿನಲ್ಲಿಯೇ ಬರುತ್ತಾರೆ. ಪೌರರಿಲ್ಲದೆ ಕಾಯಂ ನಿವಾಸಿಗಳಷ್ಟೇ ಇರುವ ಕುಟುಂಬಕ್ಕೆ ಮಂಡಳಿಯ ಹೊಸ ಮನೆ ಸಿಗುವುದಿಲ್ಲ. ಕಾಯಂ ನಿವಾಸ ದೊರೆತು ಮೂರು ವರ್ಷ ಕಳೆದ ಮೇಲೆ ಬೇರೆಯವರು ಮಾರುವ ಹಳೆಯ ಮನೆಯನ್ನು ಕೊಳ್ಳಬಹುದು, ಅದಕ್ಕೂ ಪ್ರತ್ಯೇಕ ಮಿತಿಯೊಂದುಂಟು. ಕಟ್ಟಡಗಳನ್ನು ಕೈಯಾರೆ ಕಟ್ಟುವ ವಲಸೆ ಕಾರ್ಮಿಕರಾದರೋ ಈ ಏರ್ಪಾಡಿನ ಹೊರಗೇ ಇದ್ದಾರೆ. ತಮಿಳುನಾಡಿನಿಂದಲೂ ಬಾಂಗ್ಲಾದೇಶದಿಂದಲೂ ಹೋದ ಅವರು ಒಂದೊಂದು ಕೋಣೆಯಲ್ಲಿ ಹತ್ತಾರು ಜನರಂತೆ ವಸತಿಗೃಹಗಳಲ್ಲಿ ಮಲಗುತ್ತಿದ್ದರು. 2020ರಲ್ಲಿ ಕೊರೊನಾ ಸೋಂಕು ಅಲ್ಲಿಯೇ ಕಾಳ್ಗಿಚ್ಚಿನಂತೆ ಹಬ್ಬಿದಾಗ ಜಗತ್ತೆಲ್ಲ ಅದನ್ನು ಕಂಡಿತು. ಕಾಂಪೊಂಗ್‌ಗಳ ಇಕ್ಕಟ್ಟನ್ನು ಇಲ್ಲವಾಗಿಸಿದ ನಗರದಲ್ಲಿ ಆ ಇಕ್ಕಟ್ಟು ಇನ್ನೊಬ್ಬರ ಪಾಲಿಗೆ ಉಳಿದಿತ್ತು ಎಂಬುದು ನೋವಿನ ಸಂಗತಿ.

ಈಗ ಗುತ್ತಿಗೆಯ ಅವಧಿಯ ಮಾತಿಗೆ ಬರೋಣ. ದಶಕಗಳ ಕಾಲ ಮನೆಗಳ ಬೆಲೆ ಏರುತ್ತಲೇ ಇದ್ದುದರಿಂದ, 99 ವರ್ಷಗಳ ಕೊನೆಗೆ ಏನಾಗುತ್ತದೆ ಎಂದು ಹೆಚ್ಚಿನವರು ಚಿಂತಿಸಿರಲಿಲ್ಲ. ಸರ್ಕಾರ ಆಯ್ದ ಹಳೆಯ ಕಟ್ಟಡಗಳನ್ನು ಕೆಡವಿ ಒಳ್ಳೆಯ ಪರಿಹಾರ ಕೊಡುತ್ತಿದ್ದುದರಿಂದ ತಮಗೂ ಅದು ಸಿಕ್ಕೇ ಸಿಗುತ್ತದೆಂದು ಜನ ನಂಬಿ, ತೀರ ಹಳೆಯ ಮನೆಗಳಿಗೂ ದೊಡ್ಡ ಬೆಲೆ ತೆರುತ್ತಿದ್ದರು. ಎಲ್ಲ ಕಟ್ಟಡಗಳಿಗೂ ಆ ಭಾಗ್ಯವಿರುವುದಿಲ್ಲ, ಅವಧಿ ಮುಗಿದಾಗ ಮನೆ ಸರ್ಕಾರಕ್ಕೆ ಹಿಂದಿರುಗುತ್ತದೆ ಎಂದು 2017ರಲ್ಲಿ ಎಚ್ಚರಿಸಿದವರು ಅಂದು ರಾಷ್ಟ್ರೀಯ ಅಭಿವೃದ್ಧಿ ಸಚಿವರಾಗಿದ್ದ, ಇಂದು ಪ್ರಧಾನಿಯಾಗಿರುವ ಲಾರೆನ್ಸ್ ವೋಂಗ್. ಗುತ್ತಿಗೆ ಮುಗಿಯುವುದೆಂದರೇನು ಎಂಬುದನ್ನು ಗೇಲಾಂಗ್ ಪ್ರದೇಶ ತೋರಿಸಿಕೊಟ್ಟಿತು. ಅಲ್ಲಿ 60 ವರ್ಷಗಳ ಗುತ್ತಿಗೆಯ ಮೇಲಿದ್ದ 191 ಖಾಸಗಿ ಸಾಲುಮನೆಗಳ ಅವಧಿ 2020ರ ಡಿಸೆಂಬರ್ 31ಕ್ಕೆ ತೀರಿತು. ಮನೆಗಳು ಬಿಡಿಗಾಸಿನ ಪರಿಹಾರವೂ ಇಲ್ಲದೆ ಸರ್ಕಾರದ ವಶಕ್ಕೆ ಬಂದವು.

ಮಂಡಳಿಯ ಮೊದಲ ತಲೆಮಾರಿನ ಮನೆಗಳ ಸರದಿ ಬರುವುದು 2060ರ ದಶಕದಲ್ಲಿ. ಅದಕ್ಕೂ ಮುನ್ನ, 70 ವರ್ಷ ತುಂಬಿದ ಕಟ್ಟಡಗಳ ನಿವಾಸಿಗಳು ತಾವೇ ಮತ ಹಾಕಿ, ಬಹುಮತ ಬಂದರೆ ಮನೆಗಳನ್ನು ಸರ್ಕಾರಕ್ಕೆ ಮಾರಬಹುದಾದ ಯೋಜನೆಯೊಂದನ್ನು ಅಂದಿನ ಪ್ರಧಾನಿ ಲೀ ಸಿಯೆನ್ ಲೂಂಗ್ 2018ರಲ್ಲಿ ಪ್ರಕಟಿಸಿದರು. ಪರಿಹಾರ ಹಿಂದಿನಷ್ಟು ಉದಾರವಾಗಿರುವುದಿಲ್ಲವೆಂದೂ ಆಗಲೇ ತಿಳಿಸಿದರು. ನೆಲವನ್ನು ಕೇಳದೆಯೇ ತೆಗೆದುಕೊಂಡ ಸರ್ಕಾರವೊಂದು, ಆ ನೆಲದ ಮೇಲಿನ ಮನೆಯನ್ನು ಮರಳಿ ಪಡೆಯುವಾಗ ಒಳಗೆ ಬಾಳಿದವರ ಮತ ಕೇಳಲು ಹೊರಟಿದೆ. ಯಾವ ಬೆಲೆಗೆ ಕೇಳುತ್ತದೆ ಎಂಬುದನ್ನು ಕ್ವೀನ್ಸ್‌ಟೌನಿನ ವೃದ್ಧರೂ ಅವರ ಮೊಮ್ಮಕ್ಕಳೂ ಕಾಯುತ್ತಿದ್ದಾರೆ.

ನಮಸ್ಕಾರ.